ಹತ್ತಿಗೆ ವರ್ಷವರ್ಷ ಮದುವೆ, ಆಲೂಗಡ್ಡೆಗೆ ಒಂದೇ ಸಲ

ದೇವರಗುಡ್ಡದ ಸುತ್ತಲಿನ ಹಳ್ಳಿಗಳಿಗೆ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮುಗಿಯುವತನಕ ಯಾರಾದರೂ ಬರುವುದಿದ್ದರೆ ಮಧ್ಯಾಹ್ನ ಮೂರರೊಳಗೆ ಬಂದು ಮಾತು ಮುಗಿಸಿಕೊಳ್ಳುವುದು ಒಳ್ಳೆಯದು. ಮೂರು ಹೊಡೆದ ಮೇಲೆ ಬೀಜದ ಪ್ಲಾಟು ಇರುವ ಮನೆಗಳಲ್ಲಿ ಮುದುಕರು, ಕೂಸುಗಳು ಬಿಟ್ಟರೆ ಯಾರೂ ಸಿಗುವುದಿಲ್ಲ. ಕೇಳಿದರೆ ‘ಹೂ ಬಿಡಿಸಾಕ ಹೋಗ್ಯಾರ’ ಎಂಬ ಉತ್ತರ. ಬಿಡಿಸುವುದು ಪೇಟೆಯಲ್ಲಿ ಮಾರುವ ಹೂವಲ್ಲ ಮತ್ತೆ! ನಾಳೆ ಅರಳಲಿರುವ ಮೊಗ್ಗಿನೊಳಗಿಂದ ಗಂಡಿನ ಭಾಗವನ್ನು ಇವತ್ತು ಸಂಜೆಯೇ ತೆಗೆದುಹಾಕುವ ಕೆಲಸ ಅದು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ಅದೇ ಸಾಲಿಗೆ ಹೋಗಿ, ಬೇರೆ ಜಾತಿಯ ಗಂಡು ಹೂ ತಂದು ಅದಕ್ಕೆ ಮುಟ್ಟಿಸಬೇಕು. ಶಾಲೆಯ ಮೆಟ್ಟಿಲು ಹತ್ತದ ಮುದುಕಿಯೂ ನಮ್ಮಲ್ಲಿ ಇದಕ್ಕೆ ‘ಕ್ರಾಸಿಂಗು’ ಅಂತಲೇ ಅನ್ನುತ್ತಾಳೆ.

ಮಹಾನವಮಿಯ ಹೊತ್ತಿಗೆ ಗುಡ್ಡದಲ್ಲಿ ಗೊರವಯ್ಯ ಬಿಲ್ಲೇರಿ ಮಾಲತೇಶನ ಕಾರಣಿಕ ನುಡಿಯುತ್ತಾನೆ. ಮಳೆ ಬೆಳೆ ಹೇಗಾದೀತು ಎಂದು ತಿಳಿಯಲು ಊರೂರುಗಳಿಂದ ಜನ ಬಂದು ಸೇರುತ್ತಾರೆ. ಕ್ರಾಸಿಂಗಿನವರಿಗೆ ಆ ದಿನವೂ ಬಿಡುವಿಲ್ಲ. ಹೂವಿಗೆ ಹಬ್ಬ ಹುಣ್ಣಿಮೆ ಗೊತ್ತಿಲ್ಲವಲ್ಲ. ಬೆಳಗಿನ ಸಾಲು ಮುಗಿಸಿ, ಸೀರೆ ಬದಲಿಸಿ, ಗುಡ್ಡಕ್ಕೆ ಓಡುವವರೇ ಹೆಚ್ಚು.

ರಾಣೆಬೆನ್ನೂರು ಸೀಮೆ ಹೈಬ್ರಿಡ್ ಬೀಜಕ್ಕೆ ಹೆಸರಾದದ್ದು ಹೀಗೆ. ಮೊದಲು ಹತ್ತಿ ಬಂತು. ಆಮೇಲೆ ಟೊಮೆಟೊ, ಮೆಣಸಿನಕಾಯಿ, ಬದನೆ, ಬೆಂಡೆ. ಈಗ ತರಕಾರಿ ಬೀಜವೆಲ್ಲ ನೆಟ್‌ಹೌಸಿನೊಳಗೆ, ಹತ್ತಿ ಮಾತ್ರ ಬಯಲಲ್ಲಿ. ಡಿಸಿಎಚ್-32 ಹತ್ತಿ ಬಂದು ಮೂರ್ನಾಲ್ಕು ವರ್ಷಕ್ಕೆ ನಾನು ಈ ಕೆಲಸಕ್ಕೆ ಇಳಿದವನು. ಈಗ ಅರ್ಧ ಎಕರೆ ಹತ್ತಿ ಪ್ಲಾಟು, ಹತ್ತು ಗುಂಟೆ ನೆಟ್‌ಹೌಸಿನಲ್ಲಿ ಮೆಣಸು. ಉಳಿದ ಹೊಲಕ್ಕೆ ಊರಿನವರೆಲ್ಲರಂತೆ ಗೋವಿನಜೋಳ.

ಬೀಗರ ಪ್ರಶ್ನೆ

ಧಾರವಾಡದ ಕಡೆ ಮುಂಗಾರಿನಲ್ಲಿ ಆಲೂಗಡ್ಡೆ ಹಾಕುವ ನಮ್ಮ ಬೀಗರು ಒಮ್ಮೆ ಕ್ರಾಸಿಂಗ್ ಹೊತ್ತಿಗೆ ಬಂದಿದ್ದರು. ಸಾಲಿನ ತುದಿಗೆ ನಿಂತು ಹೆಣ್ಣುಮಕ್ಕಳ ಬೆರಳಾಟವನ್ನು ತುಸು ಹೊತ್ತು ನೋಡಿ, ‘ನಮ್ಮ ಆಲೂಗಡ್ಡಿನೂ ಕ್ರಾಸ್ ಮಾಡಿದ ತಳಿ ಅಂತಾರ. ಮತ್ತ ನಾವ್ಯಾಕ ವರ್ಷಾ ಈ ಕೆಲಸ ಮಾಡಂಗಿಲ್ಲ? ಗಡ್ಡಿ ಕೊಯ್ದು ನೆಟ್ಟರ ಆತು!’ ಅಂದರು. ಪ್ರಶ್ನೆ ಸಣ್ಣದು. ಉತ್ತರ ಆ ದಿನ ನನ್ನ ಹತ್ತಿರ ಪೂರ್ತಿ ಇರಲಿಲ್ಲ. ಧಾರವಾಡದ ಕೃಷಿಮೇಳಕ್ಕೆ ಹೋದಾಗ, ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದಾಗ ಕೇಳಿ ಕೇಳಿ, ಸಿಕ್ಕಿದ್ದನ್ನು ಓದಿ ಜೋಡಿಸಿಕೊಂಡೆ. ಬೀಜ ಬೆಳೆಯುವ ನಮ್ಮಂಥವರಿಗೆ ಈ ಪ್ರಶ್ನೆಯೊಳಗೆ ದುಡ್ಡಿನ ಲೆಕ್ಕವೂ ಇದೆ. ಅದನ್ನು ಕೊನೆಗೆ ಹೇಳುತ್ತೇನೆ, ಮೊದಲು ಹತ್ತಿಯ ವಂಶಾವಳಿ ಆಗಲಿ.

ಜಗತ್ತಿನಲ್ಲಿ ಬೇಸಾಯಕ್ಕೆ ಬಂದ ಹತ್ತಿ ಕುಲಗಳು ನಾಲ್ಕು. ನಮ್ಮ ಅಜ್ಜಂದಿರು ಎರೆ ಹೊಲದಲ್ಲಿ ಬಿತ್ತುತ್ತಿದ್ದ ಜಯಧರದಂಥ ಜವಾರಿ ಹತ್ತಿ ಹರ್ಬೇಶಿಯಂ ಕುಲದ್ದು. ಅದರ ಅಣ್ಣತಮ್ಮನ ಮನೆತನ ಅರ್ಬೋರಿಯಂ. ಮೂರನೆಯದು ಅಮೆರಿಕ ಮೂಲದ ಹಿರ್ಸುಟಮ್. ಇಂಗ್ಲಿಷರ ಕಾಲದಲ್ಲಿ, 1840ರ ದಶಕದಲ್ಲಿ ಧಾರವಾಡ ಸೀಮೆಗೆ ಬಂದು ‘ಧಾರವಾಡ ಅಮೆರಿಕನ್’ ಅನ್ನಿಸಿಕೊಂಡದ್ದು ಇದೇ. ಮುಂದೆ ಬಹಳ ಜನ ಬೆಳೆದ ಲಕ್ಷ್ಮಿ ತಳಿಯೂ ಈ ಕುಲದ್ದೇ. ನಾಲ್ಕನೆಯದು ಬಾರ್ಬಡೆನ್ಸ್, ಅಂದರೆ ಈಜಿಪ್ಟ್ ಹತ್ತಿಯ ಕುಲ. ಎಳೆ ಉದ್ದ, ರೇಷ್ಮೆಯಂತೆ ನಯ. ಆದರೆ ನಮ್ಮ ಹೊಲದಲ್ಲಿ ಬರೀ ಅದನ್ನೇ ಬಿತ್ತಿದರೆ ಗಿಡ ಬೆಳೆದೀತು, ಚೀಲ ತುಂಬಲಿಕ್ಕಿಲ್ಲ. ಸಣ್ಣ ನೂಲಿನ ಗಿರಣಿಗಳು ಆ ಕಾಲದಲ್ಲಿ ಈಜಿಪ್ಟ್, ಸುಡಾನ್‌ನಿಂದ ಹತ್ತಿ ತರಿಸುತ್ತಿದ್ದವು.

1970ರಲ್ಲಿ ಗುಜರಾತಿನ ಸೂರತ್‌ನಲ್ಲಿ ಸಿ. ಟಿ. ಪಟೇಲರು ಎಚ್-4 ಎಂಬ ಹೈಬ್ರಿಡ್ ಹತ್ತಿಯನ್ನು ಬಿಡುಗಡೆ ಮಾಡಿದರು. ವ್ಯಾಪಾರಕ್ಕೆ ಬಂದ ಹೈಬ್ರಿಡ್ ಹತ್ತಿ ಜಗತ್ತಿನಲ್ಲೇ ಅದು ಮೊದಲು. ಅಲ್ಲಿ ತಂದೆ ತಾಯಿ ಇಬ್ಬರೂ ಹಿರ್ಸುಟಮ್ ಮನೆತನದವರೇ. ನಮ್ಮ ಧಾರವಾಡದಲ್ಲಿ ಬಿ. ಎಚ್. ಕಟರಕಿಯವರು ಇನ್ನೂ ದೂರಕ್ಕೆ ಕೈಚಾಚಿದರು. ಲಕ್ಷ್ಮಿಯನ್ನು ತಾಯಿಯಾಗಿಸಿ, ಬಾರ್ಬಡೆನ್ಸ್ ಕುಲದ ಎಸ್‌ಬಿ-289ಇ ಎಂಬುದನ್ನು ತಂದೆಯಾಗಿಸಿ 1972ರಲ್ಲಿ ವರಲಕ್ಷ್ಮಿಯನ್ನು ಕೊಟ್ಟರು. ಎರಡು ಬೇರೆ ಬೇರೆ ಕುಲಗಳ ಸಂಕರ ಹೀಗೆ ರೈತರ ಹೊಲಕ್ಕೆ ಬಂದದ್ದು ಅದೇ ಮೊದಲು. 1981ರಲ್ಲಿ ಅವರದೇ ಡಿಸಿಎಚ್-32 ಬಂತು. ಜಯಲಕ್ಷ್ಮಿ ಅಂತ ಅದರ ಹೆಸರು. ಹೆಸರು ಕಾಗದದಲ್ಲೇ ಉಳಿಯಿತು, ಹೊಲದಲ್ಲಿ ಎಲ್ಲರೂ ‘ಡಿಸಿಎಚ್’ ಅಂದರು.

ತಾಯಿಯಿಂದ ಕಾಯಿ ಹಿಡಿಯುವ ಗುಣ, ತಂದೆಯಿಂದ ಎಳೆಯ ಉದ್ದ. ಇದರ ಮೇಲೆ ಇಬ್ಬರಲ್ಲೂ ಇಲ್ಲದ ಒಂದು ಹುರುಪು. ಆಳೆತ್ತರ ಮೀರಿ ಬೆಳೆದ ವರಲಕ್ಷ್ಮಿ ಗಿಡದ ಪಕ್ಕ ನಿಂತು ಫೋಟೊ ತೆಗೆಸಿಕೊಂಡವರು ನಮ್ಮೂರಲ್ಲೂ ಇದ್ದಾರೆ. ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ರೂಢಿ. ಬೆಳೆಗಳ ಲೆಕ್ಕ ಉಲ್ಟಾ. ಸಂಬಂಧ ದೂರದ್ದಾದಷ್ಟೂ ಮಕ್ಕಳು ಗಟ್ಟಿ.

ಆದರೆ ದೂರಕ್ಕೂ ಒಂದು ಅಳತೆ ಇದೆ. ಹಿರ್ಸುಟಮ್, ಬಾರ್ಬಡೆನ್ಸ್ ಎರಡಕ್ಕೂ ಜೀವಕೋಶದಲ್ಲಿ 52 ವರ್ಣತಂತುಗಳು, ಜೋಡಿ ಹೊಂದುತ್ತದೆ. ಜವಾರಿ ಹತ್ತಿಗೆ 26 ಮಾತ್ರ. ಜಯಧರಕ್ಕೆ ಲಕ್ಷ್ಮಿಯ ಪರಾಗ ಮುಟ್ಟಿಸಿದರೆ ಕಾಯಿ ಹಿಡಿಯುವುದೇ ಕಷ್ಟ. ಹೇಗೋ ಗಿಡವಾದರೂ ಅದು ಬಂಜೆ.

ಸಂಕರದಲ್ಲಿ ಎಲ್ಲವೂ ಲಾಭವೇ ಅಂತ ನಾನು ಹೇಳುವುದಿಲ್ಲ. ಡಿಸಿಎಚ್ ಮನೆಗೆ ಬರುವುದು ತಡ, ಹೊಲದಲ್ಲಿ ಹೆಚ್ಚು ದಿನ ನಿಲ್ಲುತ್ತದೆ, ಕಾಯಿಕೊರಕಕ್ಕೂ ರಸ ಹೀರುವ ಹುಳಕ್ಕೂ ಬಲು ಇಷ್ಟ. ಔಷಧಿ ಹೊಡೆದು ಹೊಡೆದು ಲಾಭವೆಲ್ಲ ಡಬ್ಬಿಯ ಅಂಗಡಿಗೆ ಹೋದ ವರ್ಷಗಳಿವೆ. 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕ ಮೇಲೆ ಜನ ಅತ್ತ ವಾಲಿದರು. ಗೋವಿನಜೋಳ ಬಂದ ಮೇಲಂತೂ ನಮ್ಮ ಜಿಲ್ಲೆಯಲ್ಲಿ ಹತ್ತಿಯ ಜಾಗವೇ ಕುಗ್ಗಿತು. ಆದರೂ ಉದ್ದ ಎಳೆಯ ಹತ್ತಿ ಬೇಕೆಂದವರು ಇಂದಿಗೂ ಈ ಎರಡು ಕುಲಗಳ ಸಂಕರವನ್ನೇ ಕೇಳುತ್ತಾರೆ.

ಆಲೂಗಡ್ಡೆಯ ಮನೆತನಗಳು

ಆಲೂಗಡ್ಡೆಯಲ್ಲೂ ಇಂಥದೇ ಮನೆತನಗಳಿವೆ ಎಂದು ತಿಳಿದಾಗ ನನಗೆ ಖುಷಿಯಾಯಿತು. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಮೇಲೆ ಬೆಳೆಯುವುದು ಆಂಡಿಜಿನಾ ಗುಂಪು. ಹಗಲು ಗಿಡ್ಡ ಇದ್ದಾಗ ಗಡ್ಡೆ ಕಟ್ಟುವ ಸ್ವಭಾವ ಅದರದು. ಅದೇ ಖಂಡದ ತೆಂಕಣ ತುದಿಗೆ, ಚಿಲಿ ದೇಶದ ತಗ್ಗು ನೆಲದಲ್ಲಿ ಬೆಳೆದದ್ದು ಟ್ಯೂಬರೋಸಮ್ ಗುಂಪು. ಹಗಲು ಉದ್ದವಿದ್ದರೂ ಅದು ಗಡ್ಡೆ ಕಟ್ಟುತ್ತದೆ. ಈಗ ಜಗತ್ತಿನ ಪೇಟೆಗಳಲ್ಲಿ ಕಾಣುವ ಆಲೂಗಡ್ಡೆಯಲ್ಲಿ ಬಹುಪಾಲು ಇದರ ವಂಶದ್ದು. ಇನ್ನೊಂದು ಫುರೇಜಾ ಎಂಬ ಗುಂಪಿದೆ, ಅದರ ಗಡ್ಡೆಗೆ ನಿದ್ದೆಯೇ ಇಲ್ಲ. ಕಿತ್ತ ಕೂಡಲೇ ಮೊಳಕೆ ಬಿಡುತ್ತದೆ.

ಯುರೋಪಿನಲ್ಲಿ ಬೆಳೆಯುತ್ತಿದ್ದ ತಳಿಗಳೆಲ್ಲ ಕೆಲವೇ ಹಳೆಯ ಗಿಡಗಳ ಮಕ್ಕಳು ಮೊಮ್ಮಕ್ಕಳು. ತಮ್ಮತಮ್ಮಲ್ಲೇ ಸಂಬಂಧ ಮಾಡಿ ಮಾಡಿ ಇಳುವರಿ ಒಂದು ಮಟ್ಟಕ್ಕೆ ಬಂದು ನಿಂತುಬಿಟ್ಟಿತ್ತು. 1845ರಲ್ಲಿ ಐರ್ಲೆಂಡಿಗೆ ಅಂಗಮಾರಿ ರೋಗ ಬಂದಾಗ ಹೊಲಕ್ಕೆ ಹೊಲವೇ ಕೊಳೆತದ್ದಕ್ಕೆ ಇದೂ ಒಂದು ಕಾರಣ. ಇಪ್ಪತ್ತನೆಯ ಶತಮಾನದ ನಡುವೆ ಇಂಗ್ಲೆಂಡಿನಲ್ಲಿ ಸಿಮಂಡ್ಸ್ ಎಂಬ ವಿಜ್ಞಾನಿ ಹಿಂದಕ್ಕೆ, ಆಂಡಿಸ್ ಮನೆತನದ ಕಡೆಗೆ ನೋಡಿದರು. ಆಂಡಿಜಿನಾ ಗುಂಪಿನ ಬೀಜದ ಸಸಿಗಳನ್ನು ಅಲ್ಲಿಯ ಉದ್ದ ಹಗಲಿನಲ್ಲೇ ಬೆಳೆಸಿ, ಚೆನ್ನಾಗಿ ಗಡ್ಡೆ ಕಟ್ಟಿದ್ದನ್ನೇ ಆರಿಸಿ, ಅದರ ಬೀಜ ಹಾಕಿ, ಮತ್ತೆ ಆರಿಸಿ, ಹೀಗೆ ಕೆಲವು ತಲೆಮಾರು ಒಗ್ಗಿಸಿದರು. ಒಗ್ಗಿದ ಈ ಆಂಡಿಜಿನಾವನ್ನು ಮಾಮೂಲಿ ಟ್ಯೂಬರೋಸಮ್‌ಗೆ ಕ್ರಾಸ್ ಮಾಡಿದಾಗ ಹುಟ್ಟಿದ ಮಕ್ಕಳಲ್ಲಿ ಇಳುವರಿಯ ಹುರುಪು ಎದ್ದು ಕಂಡಿತು. ವರಲಕ್ಷ್ಮಿಯಲ್ಲಿ ನಾವು ಕಂಡದ್ದೇ, ಬೆಳೆ ಬೇರೆ ಅಷ್ಟೆ. ಅಡ್ಡಗುಣಗಳೂ ಜೊತೆಗೇ ಬಂದವು. ಬೆಳೆ ತಡ, ಗಡ್ಡೆ ಬಹಳ ಆದರೆ ಸಣ್ಣ ಸಣ್ಣದು. ಡಿಸಿಎಚ್ ಬೆಳೆದವರಿಗೆ ಈ ತಕರಾರು ಹೊಸದಲ್ಲ.

ವರ್ಣತಂತಿನ ಅಳತೆ ಅಲ್ಲಿಯೂ ಉಂಟು. ಆಂಡಿಜಿನಾ, ಟ್ಯೂಬರೋಸಮ್ ಎರಡಕ್ಕೂ 48, ಫುರೇಜಾಕ್ಕೆ 24. ನಮ್ಮ ಜವಾರಿ ಹತ್ತಿಯ ಹಾಗೆ ಇದೂ ಹೊಂದಬಾರದಿತ್ತು. ಆದರೆ ಫುರೇಜಾದ ಕೆಲವು ಗಿಡಗಳು ಪರಾಗ ಮಾಡುವಾಗ ಅರ್ಧ ಪಾಲು ಮಾಡದೆ ಇಡೀ ಇಪ್ಪತ್ತನಾಲ್ಕನ್ನೂ ಕಳಿಸಿಬಿಡುತ್ತವೆ. ಅಂಥ ಪರಾಗ ಹುಡುಕಿ ಟ್ಯೂಬರೋಸಮ್‌ಗೆ ಮುಟ್ಟಿಸಿದರೆ ಲೆಕ್ಕ ಸರಿಹೋಗುತ್ತದೆ. ಇದನ್ನು ಕೇಳಿದ ಬೀಗರು ‘ಅದೂ ಒಂದು ವರದಕ್ಷಿಣೀನ ಬಿಡ್ರಿ’ ಎಂದು ನಕ್ಕರು.

ನಮ್ಮ ದೇಶದಲ್ಲಿ ಆಲೂಗಡ್ಡೆಯ ಕ್ರಾಸಿಂಗ್ ನಡೆಯುವುದು ಸಿಮ್ಲಾ ಹತ್ತಿರದ ಕುಫ್ರಿ ಎಂಬಲ್ಲಿ. ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1949ರಲ್ಲಿ ಪಟ್ನಾದಲ್ಲಿ ಶುರುವಾಗಿ 1956ರಲ್ಲಿ ಸಿಮ್ಲಾಕ್ಕೆ ಹೋಯಿತು. ಬಯಲು ಸೀಮೆಯಲ್ಲಿ ಆಲೂಗಡ್ಡೆ ಹಾಕುವುದು ಚಳಿಗಾಲದ ಗಿಡ್ಡ ಹಗಲಿನಲ್ಲಿ, ಆಗ ಅದು ಸರಿಯಾಗಿ ಹೂ ಬಿಡುವುದಿಲ್ಲ. ಬೆಟ್ಟದ ಮೇಲಿನ ಬೇಸಿಗೆಯ ಉದ್ದ ಹಗಲಿನಲ್ಲಿ ಬಿಡುತ್ತದೆ. ಅದಕ್ಕೇ ನಮ್ಮ ತಳಿಗಳ ಹೆಸರಿನ ಮುಂದೆ ‘ಕುಫ್ರಿ’. ಹಾಸನದವರೂ ಧಾರವಾಡದವರೂ ಹಾಕುವ ಕುಫ್ರಿ ಜ್ಯೋತಿ 1968ರಲ್ಲಿ ಬಿಡುಗಡೆಯಾದದ್ದು. ಆಂಡಿಜಿನಾ ಗುಂಪಿನ ದೊಡ್ಡ ಸಂಗ್ರಹವೂ ಆ ಸಂಸ್ಥೆಯಲ್ಲಿದೆ, ಹೊಸ ತಳಿಗೆ ತಂದೆ ತಾಯಿ ಹುಡುಕುವಾಗ ಅದರ ಬಾಗಿಲನ್ನೂ ತಟ್ಟುತ್ತಾರೆ.

ಈಗ ಬೀಗರ ಪ್ರಶ್ನೆಗೆ ಬರುತ್ತೇನೆ. ಆಲೂಗಡ್ಡೆ ಹೂವಿಗೆ ಕ್ರಾಸ್ ಮಾಡಿದರೆ ಸಣ್ಣ ಹಸಿರು ಟೊಮೆಟೊದಂಥ ಕಾಯಿ ಬಿಡುತ್ತದೆ, ಒಳಗೆ ನೂರಾರು ಬೀಜ. ಆ ಬೀಜಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಯಾಕೆಂದರೆ ತಂದೆಯೂ ತಾಯಿಯೂ ಮೊದಲೇ ಬೆರಕೆ. ಸಾವಿರಾರು ಸಸಿ ಎಬ್ಬಿಸಿ, ವರ್ಷವರ್ಷ ಆರಿಸುತ್ತ, ಎಸೆಯುತ್ತ, ಹತ್ತಕ್ಕೂ ಹೆಚ್ಚು ವರ್ಷ ಕಾದು ಕೊನೆಗೆ ಒಂದೇ ಒಂದು ಗಿಡವನ್ನು ಉಳಿಸಿಕೊಳ್ಳುತ್ತಾರೆ. ಆ ಒಂದು ಗಿಡವೇ ತಳಿ. ಮುಂದೆ ಅದರ ಗಡ್ಡೆ ಕೊಯ್ದು ನೆಡುತ್ತ ಹೋದರೆ ಐವತ್ತು ವರ್ಷವಾದರೂ ಅದೇ ಗಿಡ, ಅದೇ ಹುರುಪು. ಬೀಗರ ಹೊಲದಲ್ಲಿರುವ ಜ್ಯೋತಿ ಅಂದರೆ ಅರವತ್ತರ ದಶಕದ ಆ ಒಂದೇ ಸಸಿಯ ತುಂಡು.

ಹತ್ತಿಯಲ್ಲಿ ಆಟ ಬೇರೆ. ಲಕ್ಷ್ಮಿಯಂಥ ತಾಯಿ ತಲೆತಲಾಂತರದಿಂದ ತನ್ನಷ್ಟಕ್ಕೆ ತಾನು ಕಾಯಿ ಕಟ್ಟಿದ ಶುದ್ಧ ತಳಿ. ತಂದೆಯೂ ಹಾಗೆಯೇ. ಅದಕ್ಕೇ ಅವರ ಮಕ್ಕಳೆಲ್ಲ ಒಂದೇ ಅಚ್ಚಿನವು. ಆದರೆ ಆ ಮಕ್ಕಳ ಬೀಜ, ಅಂದರೆ ಮೊಮ್ಮಕ್ಕಳು, ಚೆಲ್ಲಾಪಿಲ್ಲಿ. ನಮ್ಮ ಕಾಕಾ 1970ರ ದಶಕದಲ್ಲಿ ವರಲಕ್ಷ್ಮಿಯ ಬೀಜಕ್ಕೆ ದುಡ್ಡು ಯಾಕೆ ಎಂದು ಮನೆಯ ಬೀಜವನ್ನೇ ಊರಿದರು. ಒಂದು ಗಿಡ ಮೊಣಕಾಲೆತ್ತರ, ಇನ್ನೊಂದು ಆಳೆತ್ತರ. ಒಂದರಲ್ಲಿ ಬರೀ ಎಲೆ, ಇನ್ನೊಂದರಲ್ಲಿ ಉಗುರಿನಷ್ಟು ಕಾಯಿ. ಎರಡು ದೂರದ ಕುಲಗಳನ್ನು ಕೂಡಿಸಿದಾಗ ಈ ಒಡೆತ ಇನ್ನೂ ಜೋರು. ಹತ್ತಿಯಲ್ಲಿ ಕೊಯ್ದು ನೆಡಲು ಗಡ್ಡೆಯೂ ಇಲ್ಲ. ಹೀಗಾಗಿ ಪ್ರತಿ ವರ್ಷ ಆ ಇಬ್ಬರನ್ನೇ ಕರೆತಂದು ಮತ್ತೆ ಮದುವೆ ಮಾಡಬೇಕು.

ಆಲೂಗಡ್ಡೆಗೆ ಒಂದೇ ಸಲ ಮದುವೆಯಾದರೂ ಪ್ರತಿ ವರ್ಷ ತವರಿಗೆ ಹೋಗುವುದು ತಪ್ಪಲಿಲ್ಲ. ಗಡ್ಡೆಯಲ್ಲಿ ಹುರುಪಿನ ಜೊತೆಗೆ ನಂಜುರೋಗವೂ ಉಳಿಯುತ್ತದೆ. ನಮ್ಮ ಹವೆಯಲ್ಲಿ ಹೇನು ಜಾಸ್ತಿ, ಎರಡು ಮೂರು ಬೆಳೆಗೆ ಎಲೆ ಮುದುಡಿ ಇಳುವರಿ ಇಳಿಯುತ್ತದೆ. ಅದಕ್ಕೇ ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರದಿಂದ ಲಾರಿಯಲ್ಲಿ ಬರುತ್ತದೆ. ಗಡ್ಡೆಯ ಬದಲು ಕ್ರಾಸ್ ಮಾಡಿದ ಬೀಜವನ್ನೇ ಬಿತ್ತುವ ಪ್ರಯೋಗವೂ ನಮ್ಮ ದೇಶದಲ್ಲಿ ನಡೆಯಿತು, ತ್ರಿಪುರಾದ ರೈತರು ಅದನ್ನು ಬಳಸಿದರು. ಈಗ ನೆದರ್ಲೆಂಡ್ಸ್‌ನಲ್ಲಿ 24 ವರ್ಣತಂತಿನ ಆಲೂಗಡ್ಡೆಯನ್ನು ಹತ್ತಿಯ ಹಾಗೆ ಶುದ್ಧ ತಳಿ ಮಾಡಿ, ಆಮೇಲೆ ಕ್ರಾಸ್ ಮಾಡಿ, ಒಂದೇ ಅಚ್ಚಿನ ಬೀಜ ಕೊಡುವ ಕೆಲಸ ನಡೆದಿದೆ. ಒಂದು ಲಾರಿ ಗಡ್ಡೆಯ ಬದಲು ಜೇಬಿನಲ್ಲಿ ಹಿಡಿಯುವ ಬೀಜ, ಅದರಲ್ಲಿ ಆ ನಂಜುಗಳ ಕಾಟವೂ ಬಹಳ ಕಡಿಮೆ. ಒಳ್ಳೆಯದೇ. ಆದರೆ ಅದು ನಮ್ಮಲ್ಲಿಗೆ ಬಂದ ದಿನ ಬೀಗರೂ ನನ್ನ ಸಾಲಿಗೇ ಬಂದು ನಿಲ್ಲುತ್ತಾರೆ. ತಂದೆ ತಾಯಿ ಯಾರ ಕೈಯಲ್ಲಿದೆಯೋ ಅವರ ಬಾಗಿಲಿಗೆ ವರ್ಷವರ್ಷ ಹೋಗಬೇಕು.

ಬೆರಳಿನ ಕೆಲಸ

ಕ್ರಾಸಿಂಗ್ ನೋಡದವರಿಗಾಗಿ ಅದರ ಕ್ರಮವನ್ನು ತುಸು ಬಿಡಿಸಿ ಹೇಳುತ್ತೇನೆ. ಪ್ಲಾಟಿನಲ್ಲಿ ನಾಲ್ಕು ಪಾಲು ಹೆಣ್ಣು ಗಿಡ, ಒಂದು ಪಾಲು ಗಂಡು ಗಿಡ, ನಡುವೆ ಐದು ಮೀಟರು ಖಾಲಿ. ಬೇರೆ ಹತ್ತಿ ಹೊಲ ಕನಿಷ್ಠ 30 ಮೀಟರು ದೂರ ಇರಬೇಕು. ಎರಡು ಕುಲದ ಪ್ಲಾಟಾದರೆ ನಾನು ಗಂಡು ಸಾಲನ್ನು ಮುಂಚೆಯೇ ಊರುತ್ತೇನೆ, ಬಾರ್ಬಡೆನ್ಸ್ ಹೂವಿಗೆ ಬರುವುದು ತಡ.

ಸಂಜೆ ಮೂರರಿಂದ ಆರರೊಳಗೆ, ಎಸಳು ಸುರುಳಿ ಸುತ್ತಿಕೊಂಡು ತೊಟ್ಟೆಲೆಯಿಂದ ಆಗಷ್ಟೇ ಹೊರಗೆ ಇಣುಕಿದ ಮೊಗ್ಗನ್ನು ಆರಿಸಬೇಕು. ಹೆಬ್ಬೆರಳ ಉಗುರನ್ನು ಎಸಳಿನ ಬುಡಕ್ಕೆ ಒತ್ತಿ ಸುತ್ತ ತಿರುಗಿಸಿ ಎತ್ತಿದರೆ ಎಸಳೂ ಪರಾಗದ ಕೊಳವೆಯೂ ಒಟ್ಟಿಗೇ ಟೋಪಿಯ ಹಾಗೆ ಕಳಚಿ ಬರುತ್ತವೆ. ಒಳಗೆ ಹೆಣ್ಣಿನ ಕಡ್ಡಿ ಒಂದೇ ನಿಲ್ಲಬೇಕು. ಉಗುರು ಆಳಕ್ಕೆ ಇಳಿದರೆ ಎಳೆಗಾಯಿಯ ಮೇಲಿನ ಬಿಳಿ ಪೊರೆ ಹರಿದು ಕಾಯಿ ಉದುರುತ್ತದೆ. ಮೇಲೆ ಉಳಿದರೆ ಪರಾಗದ ಕಾಳು ಉಳಿದು ಅದು ತನಗೆ ತಾನೇ ಬೀಜ ಕಟ್ಟುತ್ತದೆ. ಸುತ್ತಲಿನ ಮೂರು ತೊಟ್ಟೆಲೆ ಮುರಿಯಕೂಡದು, ಕಾಯಿಗೆ ನೆರಳು ಅದೇ. ಬಿಡಿಸಿದ ಹೂವಿಗೆ ಕೆಂಪು ಕಾಗದದ ಚೂರು ಸಿಕ್ಕಿಸುತ್ತೇವೆ, ಬೆಳಿಗ್ಗೆ ಹುಡುಕಲು ಸಲೀಸು.

ಬೆಳಿಗ್ಗೆ ಗಂಡು ಹೂಗಳನ್ನು ಅರಳುವ ಮೊದಲೇ ಕಿತ್ತು ತಟ್ಟೆಯಲ್ಲಿ ಹರಡಿ ಇಟ್ಟುಕೊಳ್ಳಬೇಕು, ಜೇನುನೊಣ ಬಂದು ಬೆರಕೆ ಮಾಡದಂತೆ. ಒಂಬತ್ತರಿಂದ ಹನ್ನೊಂದು, ಮೋಡವಿದ್ದರೆ ಹನ್ನೆರಡರತನಕ ಮುಟ್ಟಿಸುವ ಹೊತ್ತು. ಒಂದು ಗಂಡು ಹೂ ನಾಲ್ಕೈದು ಹೆಣ್ಣಿಗೆ ಸಾಕು. ಮುಟ್ಟಿಸಿದ ಹೂವಿನ ತೊಟ್ಟಿಗೆ ದಾರ. ದಾರ ಕಾಣದ ಹೂವನ್ನು ಕಿತ್ತು ಎಸೆಯಬೇಕು. ಆ ಹೊತ್ತಿಗೆ ಮಳೆ ಹನಿದರೆ ಪರಾಗ ಒಡೆದು ಹಾಳು, ಅವತ್ತಿನ ಕೂಲಿ ನೀರಿಗೆ. ಅಕ್ಟೋಬರಿನಲ್ಲಿ ಕ್ರಾಸಿಂಗ್ ನಿಲ್ಲಿಸಿದ ಮೇಲೂ ಒಂದೆರಡು ವಾರ ಮೊಗ್ಗು ಚಿವುಟುತ್ತಲೇ ಇರಬೇಕು.

ಅರ್ಧ ಎಕರೆಗೆ ನನಗೆ ಆರು ಜನ ಬೇಕಾಗುತ್ತಾರೆ. ಎರಡು ತಿಂಗಳು, ದಿನಕ್ಕೆ ಎರಡು ಸಲ. ಮೊದಲು ಊರೂರುಗಳಿಗೆ ಗಾಡಿ ಕಳಿಸಿ, ಮನೆಯವರಿಗೆ ಮುಂಗಡ ಕೊಟ್ಟು, ಸಣ್ಣ ಹುಡುಗಿಯರನ್ನು ಕರೆತರುವುದಿತ್ತು. ‘ಸಣ್ಣ ಬೆರಳಿಗೇ ಹೂ ಬಿಡಿಸಾಕ ಬರ್ತದ’ ಎಂಬ ಮಾತು ಆಗ ಹುಟ್ಟಿಕೊಂಡದ್ದು. ಅದು ಸುಳ್ಳು. ನನ್ನ ಪ್ಲಾಟಿನಲ್ಲಿ ಎಲ್ಲರಿಗಿಂತ ಬೇಗ ಸಾಲು ಮುಗಿಸುವಾಕೆಗೆ ಮೊಮ್ಮಕ್ಕಳಿದ್ದಾರೆ. ಸಣ್ಣ ಬೆರಳಿನ ಗುಣ ಇರುವುದು ಸಣ್ಣ ಕೂಲಿಯಲ್ಲಿ ಮಾತ್ರ. ಹದಿನಾಲ್ಕರೊಳಗಿನ ಮಕ್ಕಳನ್ನು ಕೂಲಿಗೆ ಹಚ್ಚುವುದನ್ನು ಕಾನೂನು ಈಗ ಪೂರ್ತಿ ನಿಷೇಧಿಸಿದೆ. ಕಾನೂನು ಇರಲಿ, ಆಗಸ್ಟ್‌ನಿಂದ ಅಕ್ಟೋಬರ್ ಅಂದರೆ ಶಾಲೆಯ ವರ್ಷದ ನಟ್ಟನಡು. ಅಷ್ಟು ದಿನ ಬಿಟ್ಟ ಹುಡುಗಿ ಮತ್ತೆ ಶಾಲೆಗೆ ಹೋಗುವುದಿಲ್ಲ, ಇದನ್ನು ನಾವೆಲ್ಲ ಕಣ್ಣಾರೆ ಕಂಡವರು.

ಪಾಸು, ಫೇಲು

ದಾರ ಕಟ್ಟಿದ ಕಾಯಿಯನ್ನಷ್ಟೇ ಬಿಡಿಸಿ, ಬೇರೆಯಾಗಿ ಹಿಂಜಿಸಿ, ಬೀಜ ಚೀಲಕ್ಕೆ ತುಂಬಿ ಕೊಟ್ಟರೆ ಕೆಲಸ ಮುಗಿಯಿತೇ? ಇಲ್ಲ. ಹತ್ತಿ ಬೀಜದ ಹೊರಮೈ ತಾಯಿಯದು. ಸಂಕರ ಬೀಜವೂ ತನಗೆ ತಾನೇ ಕಟ್ಟಿದ ಬೀಜವೂ ನೋಡಲು ಒಂದೇ. ಎಂಥ ಅನುಭವಿಗೂ ಕಣ್ಣಿನಿಂದ ಹೇಳಲಾಗದು. ಹಾಗಾಗಿ ಕೊಂಡವರು ಮಾದರಿ ಬೀಜವನ್ನು ಬಿತ್ತಿ ಬೆಳೆಸಿ ನೋಡುತ್ತಾರೆ. ಎರಡು ಕುಲದ ಸಂಕರವಾದರೆ ಹೂವಿನಲ್ಲೇ ಗೊತ್ತಾಗುತ್ತದೆ. ಬಾರ್ಬಡೆನ್ಸ್ ಹೂ ಹಳದಿ, ಎಸಳಿನ ಬುಡದಲ್ಲಿ ಕೆಂಪು ಮಚ್ಚೆ. ಮಕ್ಕಳಲ್ಲಿ ಆ ಮಚ್ಚೆ ಕಾಣಬೇಕು. ನೂರಕ್ಕೆ ತೊಂಬತ್ತು ಗಿಡ ಸರಿ ಇದ್ದರೆ ಪಾಸು. ಅಲ್ಲಿಯವರೆಗೆ ಪೂರ್ತಿ ಹಣ ಇಲ್ಲ.

1998ರಲ್ಲಿ ನನ್ನ ಬೀಜ ಫೇಲಾಯಿತು. ಕೊಂಡವರ ಹೆಸರು ಇಲ್ಲಿ ಬೇಡ. ಮಾರ್ಚಿನಲ್ಲಿ ಬೀಜ ಕೊಟ್ಟಿದ್ದೆ, ಆಗಸ್ಟಿನಲ್ಲಿ ಒಂದು ಸಾಲಿನ ಪತ್ರ ಬಂತು. ಶುದ್ಧತೆ 83, ಬೀಜ ತಿರಸ್ಕೃತ. ಕೂಲಿಯ ಸಾಲ ತೀರಿಸಲು ಅಷ್ಟರಲ್ಲಿ ಒಂದು ಜೋಡಿ ಎತ್ತು ಹೋಗಿತ್ತು. ಪ್ಲಾಟಿಗೆ ಅವರದೇ ಮೇಲ್ವಿಚಾರಕ ಐದು ಸಲ ಬಂದು ಪುಸ್ತಕದಲ್ಲಿ ‘ಸರಿ ಇದೆ’ ಎಂದು ಸಹಿ ಮಾಡಿದ್ದ. ನಾನು ಒಂದೇ ಪ್ರಶ್ನೆ ಕೇಳಿದೆ. ಕೆಟ್ಟ 17 ಗಿಡಗಳು ತಾಯಿಯ ಹಾಗಿದ್ದವೋ, ಅಥವಾ ಮೂರನೆಯ ಥರದವೋ? ತಾಯಿಯ ಹಾಗಿದ್ದರೆ ನಮ್ಮ ಹೆಣ್ಣುಮಕ್ಕಳು ಗಂಡು ಭಾಗ ಸರಿಯಾಗಿ ತೆಗೆದಿಲ್ಲ ಅಂತ ಅರ್ಥ. ಮೂರನೆಯ ಥರದ್ದಾಗಿದ್ದು, ಎಸಳಲ್ಲಿ ಮಚ್ಚೆಯೂ ಇದ್ದರೆ ಕ್ರಾಸಿಂಗ್ ಸರಿಯಾಗಿಯೇ ಆಗಿದೆ, ಅವರು ಕೊಟ್ಟ ತಾಯಿ ಬೀಜದಲ್ಲೇ ಬೆರಕೆ ಇತ್ತು ಅಂತ ಅರ್ಥ. ಗಿಡ ತೋರಿಸಿ ಅಂದೆ. ‘ಕಿತ್ತು ಹಾಕೇವ್ರಿ’ ಅಂದರು.

ನಮ್ಮಪ್ಪನಿಗೆ ಒಂದು ರೂಢಿಯಿತ್ತು. ಏನು ಬಿತ್ತಿದರೂ ಒಂದು ಬೊಗಸೆ ಬೀಜ ಬೂದಿ ಕಲಸಿ ಗಡಿಗೆಯಲ್ಲಿ ಇಡುತ್ತಿದ್ದ. ಮಳೆ ಕೈಕೊಟ್ಟರೆ ಮತ್ತೆ ಊರಲು ಬೇಕಲ್ಲ. ಆ ರೂಢಿಯಿಂದ ನನ್ನಲ್ಲೂ ತಾಯಿ ಬೀಜ ಒಂದು ಹಿಡಿ ಉಳಿದಿತ್ತು. ಪತ್ರ ಬಂದ ಮರುದಿನವೇ ಬಾವಿ ಹತ್ತಿರ ಊರಿದೆ. 42 ಗಿಡ ಎದ್ದವು. ಎಲೆ, ಹೂ, ಎತ್ತರ ಎಲ್ಲ ಒಂದೇ. ಡಿಸೆಂಬರಿನಲ್ಲಿ ಕಾಯಿ ಬಲಿತಾಗ ನೋಡಿದರೆ ಏಳು ಗಿಡಗಳ ಕಾಯಿ ಬೇರೆ! ಉಳಿದವುಗಳದ್ದು ಗುಂಡಗೆ, ಇವುಗಳದ್ದು ಚೂಪು. ಅಂದರೆ ಆರಕ್ಕೊಂದು. ಪತ್ರದ ಲೆಕ್ಕಕ್ಕೆ ಹೆಚ್ಚುಕಡಿಮೆ ಸರಿ. ಅದೇ ಲಾಟಿನ ಬೀಜ ಪಡೆದ ಇನ್ನೂ ಮೂವರು ನಮ್ಮ ಸುತ್ತಿನಲ್ಲೇ ಫೇಲಾಗಿದ್ದರು. ಊರಿನ ಹಿರಿಯರನ್ನೂ ಆ ಮೇಲ್ವಿಚಾರಕನನ್ನೂ ಬಾವಿ ಹತ್ತಿರ ಕರೆತಂದು ನಿಲ್ಲಿಸಿದೆವು. ಆತ ಎರಡು ಸಲ ಎಣಿಸಿದ, ಏನೂ ಮಾತಾಡಲಿಲ್ಲ. 1999ರ ಫೆಬ್ರುವರಿಯಲ್ಲಿ ನಾಲ್ವರಿಗೂ ಮುಕ್ಕಾಲು ಹಣ ಬಂತು. ಉಳಿದ ಕಾಲು ಇವತ್ತಿಗೂ ಇಲ್ಲ.

ಇದಾದ ಮೇಲೆ ನಮ್ಮ ಊರಿನಲ್ಲಿ ಯಾರು ಪ್ಲಾಟು ಹಿಡಿದರೂ ತಂದೆ ಬೀಜ, ತಾಯಿ ಬೀಜ ಎರಡರದ್ದೂ ಒಂದೊಂದು ಹಿಡಿ ಬೇರೆ ಬೇರೆ ಬಾಟಲಿಗೆ ಹಾಕಿ, ಲಾಟ್ ನಂಬರು, ತಾರೀಖು ಬರೆದ ಚೀಟಿ ಅಂಟಿಸಿ, ಬೇವಿನ ಎಲೆ ಹಾಕಿ ಮುಚ್ಚಿಡುತ್ತೇವೆ. ಚೀಲ ಬಿಚ್ಚುವಾಗ ತಂದುಕೊಟ್ಟವನ ಎದುರಿಗೇ ತೆಗೆದು, ಚೀಟಿಯ ಮೇಲೆ ಅವನ ಸಹಿ ಹಾಕಿಸುತ್ತೇವೆ. ಟೊಮೆಟೊ, ಮೆಣಸಿಗೂ ಇದೇ ಕ್ರಮ. ಖರ್ಚು ಒಂದು ಖಾಲಿ ಬಾಟಲಿ.

ಇನ್ನು ಕರಾರಿನ ಮಾತು. ತಂದೆ ತಾಯಿ ಅವರದು, ನೆಲ ನೀರು ಬೆರಳು ನಮ್ಮದು. ಬೀಜ ಫೇಲಾದರೆ ನಷ್ಟವೆಲ್ಲ ಬೆರಳಿನ ಕಡೆಗೇ ಯಾಕೆ ಬರಬೇಕು? ಹೋದ ವರ್ಷದಿಂದ ನಾವು ಹದಿನಾಲ್ಕು ಜನ ಒಟ್ಟಾಗಿ ಬರಹದಲ್ಲಿ ಕೇಳುತ್ತಿರುವುದು ಇಷ್ಟೆ. ಫೇಲ್ ಎಂದರೆ ಕೆಟ್ಟ ಗಿಡಗಳಲ್ಲಿ ತಾಯಿಯಂಥವು ಎಷ್ಟು, ಮೂರನೆಯ ಥರದವು ಎಷ್ಟು ಎಂದು ಬೇರೆ ಬೇರೆ ಬರೆದು ಕೊಡಬೇಕು. ಪರೀಕ್ಷೆಯ ಗಿಡಗಳನ್ನು ರೈತ ಬಂದು ನೋಡುವವರೆಗೆ ಕೀಳಬಾರದು, ಕರೆದ ಹದಿನೈದು ದಿನದಲ್ಲಿ ನಾವು ಹೋಗಿ ನೋಡುತ್ತೇವೆ. ಮೂರನೆಯ ಥರದ್ದರ ನಷ್ಟ ಬೀಜ ಕೊಟ್ಟವರದು. ಈ ಸಲ ನಮ್ಮ ಸುತ್ತ ಪ್ಲಾಟು ಕೊಡುವ ಮೂವರಲ್ಲಿ ಒಬ್ಬರು ಒಪ್ಪಿ ಸಹಿ ಮಾಡಿದ್ದಾರೆ. ಇನ್ನಿಬ್ಬರು ‘ಮ್ಯಾಲಿನವ್ರನ್ನ ಕೇಳಿ ಹೇಳ್ತೀವಿ’ ಅಂದು ಹೋಗಿದ್ದಾರೆ. ಅವರ ಬೀಜ ಇನ್ನೂ ನಾವು ಇಳಿಸಿಕೊಂಡಿಲ್ಲ.